ಹದಿನೇಳನೆಯ ಉಲ್ಲೇಖ

ಹೊಳೆಯ ದಂಡೆಗೊಂದು ಮಠ, ಮಠದ ಪಡಸಾಲೆಯಲ್ಲೊಂದು ದವಾಖಾನೆ. ಅದನ್ನು ನಡೆಸುತ್ತಿದ್ದ ಅಜ್ಜಾರು ಕಾವಿ ಉಡುವ ಮೊದಲು ಡಾಕ್ಟರಾಗಿದ್ದವರು. ಕಾವಿ ಉಟ್ಟ ಮೇಲೂ ಸ್ಟೆತಸ್ಕೋಪು ಅವರ ಕೊರಳು ಬಿಡಲಿಲ್ಲ.

ಅವರ ಕೈಕೆಳಗೆ ಕಲಿಯಲು ಬಂದವಳು ನೀಲಾಂಬಿಕಾ. ದೊಡ್ಡ ಕಾಲೇಜಿನ ಡಿಗ್ರಿ ಇದ್ದವಳು. ಫಿಟ್ಸ್ ಬರುವ ಮಕ್ಕಳನ್ನು ಮೂರು ವರ್ಷ ನೋಡಿ, ಅವರಿಗೆ ಕೊಟ್ಟ ಔಷಧಿಯ ಅಳತೆಯ ಮೇಲೆ ಒಂದು ಪ್ರಬಂಧ ಬರೆದಿದ್ದಳು. ವೈದ್ಯಕೀಯ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿದರೆ ನಾಲ್ಕು ಕಡೆಯ ಡಾಕ್ಟರರು ಆ ಅಳತೆಯನ್ನೇ ಹಿಡಿಯುತ್ತಿದ್ದರು. ಹಾಕದಿದ್ದರೆ ಮೂರು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಪತ್ರಿಕೆ ಪ್ರಬಂಧವನ್ನು ಮೂರನೆಯ ಸಲ ವಾಪಸು ಕಳಿಸಿತು. ಮಕ್ಕಳ ಬಗ್ಗೆ ಒಂದು ಮಾತಿಲ್ಲ, ಔಷಧಿಯ ಬಗ್ಗೆಯೂ ಇಲ್ಲ. ಕೊನೆಯ ಉಲ್ಲೇಖಗಳ ಪಟ್ಟಿ ನಿಯಮದಂತಿಲ್ಲ, ನಾಳೆ ಸಂಜೆಯೊಳಗೆ ಸರಿಪಡಿಸಿ ಕಳಿಸಿ, ಇಷ್ಟೇ.

ಮಧ್ಯಾಹ್ನದ ರೋಗಿಗಳು ಹೋಗಿದ್ದರು. ನೀಲಾಂಬಿಕಾ ಕಂಬಕ್ಕೆ ಒರಗಿ ಕೂತಳು. ಕಣ್ಣು ಉರಿಯುತ್ತಿತ್ತು, ಯಾರ ಜೊತೆಗೂ ಮಾತು ಬೇಡವಾಗಿತ್ತು.

"ಯಾಕ ತಂಗಿ, ಮುಖ ಸಣ್ಣದಾತು?" ಅಜ್ಜಾರು ಕೇಳಿದರು.

"ನಲವತ್ತಾರು ಉಲ್ಲೇಖ ಅದಾವ್ರಿ ಅಜ್ಜಾರ. ಮೊದಲನೇ ಸಲ, ಹೆಸರಿನ ಮುಂದ ಚುಕ್ಕಿ ಬ್ಯಾಡ ಅಂದ್ರು. ತೆಗದೆ. ಎರಡನೇ ಸಲ, ಪತ್ರಿಕೆಗಳ ಹೆಸರು ಗಿಡ್ಡ ಮಾಡ್ರಿ ಅಂದ್ರು. ಮಾಡಿದೆ. ಈಗ, ಬರವಣಿಗ್ಯಾಗ ಯಾವುದು ಮೊದಲ ಬರತೈತೋ ಅದಕ್ಕ ಒಂದನೇ ನಂಬರ್ ಕೊಡ್ರಿ ಅಂತಾರ. ನಡುವ ಒಂದು ಸರದ್ರ ಉಳಿದಾವೆಲ್ಲಾ ಸರೀತಾವ."

"ಹ್ಞೂಂ."

"ಇದು ವೈದ್ಯರ ಕೆಲಸಾನೋ, ಅಕ್ಕಿಯೊಳಗಿನ ಹರಳು ಆರಿಸೂ ಕೆಲಸಾನೋ?"

"ನನಗ ಎರಡೂ ಬರತಾವ. ಓದು, ಕೇಳತೇನಿ."

ಅಜ್ಜಾರು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಆಕೆ ಓದತೊಡಗಿದಳು. ಬರೆದವರ ಹೆಸರು, ಪತ್ರಿಕೆ, ವರ್ಷ, ಸಂಪುಟ, ಪುಟ. ಒಂದೊಂದು ಮುಗಿದಾಗಲೂ ಅಜ್ಜಾರು ಕಣ್ಣು ತೆರೆಯದೆ, "ಏನ ಹೇಳ್ಯಾರ?" ಅನ್ನುತ್ತಿದ್ದರು. ಆಕೆ ಒಂದು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದಳು. ಹನ್ನೆರಡು ಮುಟ್ಟುವಷ್ಟರಲ್ಲಿ ಆಕೆಗೆ ಆಕಳಿಕೆ ಹತ್ತಿತು.

ಹದಿನೇಳು ಬಂತು.

"ಏನ ಹೇಳ್ಯಾರ?"

"ಈ ಅಳತಿ ಎಳೇ ಕೂಸುಗಳಿಗೂ ಏನೂ ಅಪಾಯ ಮಾಡೂದಿಲ್ಲ ಅಂತ."

"ಎಷ್ಟು ಕೂಸಿಗೆ ಕೊಟ್ಟು ನೋಡ್ಯಾರ?"

ಆಕೆ ಹಾಳೆ ತಿರುವಿದಳು. ಅಲ್ಲಿ ಅದೇನೂ ಇರಲಿಲ್ಲ.

"ನೀ ಓದೀಯೇನು ಇದನ್ನ?"

"ಇಲ್ರಿ. ಇನ್ನೊಬ್ಬರ ಪ್ರಬಂಧದ ಪಟ್ಟಿಯೊಳಗ ಇತ್ತು, ಅಲ್ಲಿಂದ ತೊಗೊಂಡೆ. ಎಲ್ಲಾರೂ ಹಂಗ ತೊಗೋತಾರ್ರಿ."

"ಕಾಮಾ ಸರಿ ಅದಾವೇನು?"

"ಅದಾವ್ರಿ. ಎರಡು ಸಲ ತಿದ್ದೇನಿ."

ಅಜ್ಜಾರು ನಗಲಿಲ್ಲ. "ಹಂಗಾರ ಅದನ್ನ ಹುಡುಕಿ, ಓದಿಕೊಂಡು ಬಾ."

"ನಾಳೆ ಸಂಜಿಗೆ ಗಡುವು ಮುಗೀತೈತ್ರಿ!"

"ನಾಳೆ ಇನ್ನೂ ಬಂದಿಲ್ಲಲ್ಲ."

ನೀಲಾಂಬಿಕಾಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಆಕೆ ಸ್ವತಃ ನೋಡಿದ ಮಕ್ಕಳೆಲ್ಲ ಐದು ವರ್ಷ ದಾಟಿದವರು. ಎಳೆಗೂಸುಗಳಿಗೂ ಅದೇ ಅಳತೆ ಕೊಡಬಹುದು ಎಂಬ ಮಾತಿಗೆ ಈ ಹದಿನೇಳು ಒಂದೇ ಆಧಾರ. ಪ್ರಬಂಧದಲ್ಲಿ ಹೊಸದೆನ್ನಿಸುವುದೂ ಆ ಮಾತೇ.

ಸಂಜೆಯೊಳಗೆ ಹದಿನೇಳು ಕಂಪ್ಯೂಟರಿನಲ್ಲಿ ಸಿಕ್ಕಿತು. ಅದರಲ್ಲಿ ಈ ಬಗ್ಗೆ ಇದ್ದದ್ದು ಒಂದೇ ಸಾಲು: 'ಎಳೆಗೂಸುಗಳಿಗೂ ನಿರಪಾಯ.' ಅದಕ್ಕೆ ಆಧಾರವಾಗಿ ಇನ್ನೊಂದು ಹಳೆಯ ಪ್ರಬಂಧದ ಹೆಸರಿತ್ತು. ಅದನ್ನೂ ಹುಡುಕಿದಳು. 'ಎರಡು ಕೂಸುಗಳಿಗೆ ಕೊಡಲಾಗಿದೆ, ಅಪಾಯ ವರದಿಯಾಗಿಲ್ಲ' ಎಂದಿತ್ತು. ಅದೂ ಬೆರಳು ತೋರಿಸಿದ್ದು ಮತ್ತೊಂದರ ಕಡೆಗೆ, ಯಾವುದೋ ಜಿಲ್ಲೆಯ ವೈದ್ಯರ ಸಂಘದ ವಾರ್ಷಿಕ ಪುಸ್ತಿಕೆಗೆ. ಅದು ಕಂಪ್ಯೂಟರಿನಲ್ಲಿ ಇರಲಿಲ್ಲ. ಊರಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಗೆಳತಿಗೆ ಫೋನ್ ಮಾಡಿ, ಆಕೆಯ ಬೈಗುಳವನ್ನೂ ತಿಂದಳು.

ಮರುದಿನ ಹತ್ತು ಗಂಟೆಗೆ ಆ ಪುಟದ ಫೋಟೋ ಬಂತು. ಅರ್ಧ ಪುಟದ ಪತ್ರ. ನೀಲಾಂಬಿಕಾ ನಿಂತು ಓದಿದಳು, ಆಮೇಲೆ ಕೂತು ಇನ್ನೊಮ್ಮೆ ಓದಿದಳು. ಕೆಳಗೆ 'ಡಾ. ಎಸ್. ಬಿ. ಹಾದಿಮನಿ' ಎಂದಿತ್ತು. ಕಾವಿ ಉಡುವ ಮೊದಲು ಅಜ್ಜಾರಿಗೆ ಇದ್ದ ಹೆಸರು ಅದು.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಆಕೆ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿದಳು.

'ಎರಡು ಕೂಸುಗಳಿಗೆ ಈ ಅಳತೆ ಕೊಟ್ಟೆ. ಒಂದಕ್ಕೆ ಗುಣವಾಯಿತು. ಇನ್ನೊಂದನ್ನು ಮೂರನೆಯ ದಿನದಿಂದ ಕರೆತರಲಿಲ್ಲ. ಹೊಳೆ ತುಂಬಿತ್ತು. ಆದ್ದರಿಂದ ಈ ಅಳತೆ ಸರಿಯೆಂದು ನಾನು ಹೇಳಲಾರೆ.'

ಅಜ್ಜಾರು ಫೋನು ಇಸಿದುಕೊಂಡು ಕೆಳಗಿನ ಹೆಸರು ನೋಡಿದರು. ಅವರಿಗೆ ಇಷ್ಟು ವಯಸ್ಸಾಗಿದೆ ಎಂದು ಆಕೆಗೆ ಅಂದೇ ಕಂಡದ್ದು.

"ನಲವತ್ತೊಂದು ವರ್ಷಾತು," ಅಂದರು. "ನಾ ಬರದದ್ದನ್ನ ಯಾರೂ ಓದಲೇ ಇಲ್ಲ ಅನ್ಕೊಂಡಿದ್ದೆ."

"ಓದಿಲ್ರಿ ಅಜ್ಜಾರ. ಬರೇ ಹೆಸರು ತೊಗೊಂಡಾರ."

ಅಜ್ಜಾರು ತಲೆಯಾಡಿಸಿದರು.

"ಎಳೇ ಕೂಸಿನ ಮಾತು ತೆಗದ್ರ ನನ್ನ ಪ್ರಬಂಧದಾಗ ಹೊಸಾದು ಏನೂ ಉಳಿಯೂದಿಲ್ರಿ. ಅವರು ಅಚ್ಚು ಹಾಕೂದಿಲ್ಲ. ತೆಗೀದಿದ್ರ..."

 

ನೀಲಾಂಬಿಕಾ ಒಳಗೆ ಹೋಗಿ ಕಂಪ್ಯೂಟರು ತಂದು ಮೆಟ್ಟಿಲ ಮೇಲೆಯೇ ತೊಡೆಯ ಮೇಲಿಟ್ಟುಕೊಂಡಳು. 'ಎಳೆಗೂಸುಗಳಿಗೂ ನಿರಪಾಯ' ಎಂಬುದನ್ನು ಅಳಿಸಿದಳು. ಮೂರು ವರ್ಷದ ದಣಿವು ಒಮ್ಮೆಲೇ ಮೈಮೇಲೆ ಬಂತು. ಅಳು ಬಂತು, ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೈಯಿಟ್ಟಳು.

ಹದಿನೇಳನೆಯ ನಂಬರನ್ನು ಮಾತ್ರ ಆಕೆ ತೆಗೆಯಲಿಲ್ಲ. ಅಲ್ಲಿದ್ದ ಹೆಸರಿನ ಜಾಗದಲ್ಲಿ ಹಾದಿಮನಿ ಎಂದು ಬರೆದಳು. ಪುಸ್ತಿಕೆಯ ಹೆಸರು, ವರ್ಷ, ಪುಟ, ಎಲ್ಲ ಕಾಮಾಗಳೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಪ್ರಬಂಧದ ಒಳಗೆ, ಎರಡು ಕೂಸುಗಳಿಗೆ ಕೊಟ್ಟದ್ದು ನಿಜ, ಒಂದಕ್ಕೆ ಗುಣವಾಯಿತು ಎಂದು ಬರೆದಳು. ಅಲ್ಲಿಗೆ ಕೈ ನಿಂತಿತು.

"ಎರಡನೇ ಕೂಸಿಂದು ಏನಂತ ಬರೀಲ್ರಿ? ಗೊತ್ತಿಲ್ಲ ಅಂದ್ರ, ಯಾಕ ಗೊತ್ತಾಗಲಿಲ್ಲ ಅಂತ ಕೇಳತಾರ."

ಅಜ್ಜಾರು ಹೊಳೆಯ ಆಚೆ ದಂಡೆ ನೋಡುತ್ತಿದ್ದರು.

"ಬರಿ," ಅಂದರು. "ಹೊಳಿ ಇಳದ ಮ್ಯಾಲೆ ಡಾಕ್ಟರ್ ಆ ಊರಿಗೆ ಹೋಗಿದ್ದ. ಮನೀಗೆ ಕೀಲಿ ಹಾಕಿತ್ತು. ಬಾಜೂ ಮನಿಯವರನ್ನ ಕೇಳಾಕ ಅವಂಗ ಧೈರ್ಯ ಆಗಲಿಲ್ಲ."