ತೂಬಿನ ಕಲ್ಲಿನ ಎರಡು ಗೆರೆ

“ನಿಯಮವನ್ನು ಒಂದು ದಿನವೂ ತಪ್ಪದವನು ಕೆಡುವುದುಂಟೇ, ಗುರುಗಳೇ?” ಎಂದು ಶಿಷ್ಯ ಕೇಳಿದ. ಹನ್ನೆರಡು ವರ್ಷದಲ್ಲಿ ಒಂದು ಹೊತ್ತಿನ ಪೂಜೆಯನ್ನೂ ಬಿಡದವನು ಅವನು. ಕೇಳುವಾಗ ದನಿಯಲ್ಲಿ ಸ್ವಲ್ಪ ಬಿಗುಮಾನವೂ ಇತ್ತು.

ಗುರುಗಳು ನಕ್ಕರು. “ಕೂತುಕೋಪ್ಪಾ. ಒಬ್ಬ ನೀರಗಂಟಿಯ ಕತೆ ಹೇಳುತ್ತೇನೆ” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಂದು ದೊಡ್ಡ ಕೆರೆ. ಅದರ ತೂಬು ತೆರೆದು ಮುಚ್ಚಿ, ಗದ್ದೆಗಳಿಗೆ ನೀರು ಹಂಚುವವನು ನೀರಗಂಟಿ. ಅವನಿಗೆ ಆ ಕೆರೆಯ ಕೆಳಗೆ ಅಂಗೈಯಗಲ ಭೂಮಿಯೂ ಇರಕೂಡದು ಎಂಬುದು ಊರಿನ ಕಟ್ಟು. ತನ್ನದೊಂದು ಗದ್ದೆ ಇದ್ದರೆ ನೀರು ಅತ್ತ ಕಡೆಗೇ ಹರಿಯುತ್ತದಲ್ಲ! ಸುಗ್ಗಿಯಲ್ಲಿ ಮನೆಗೊಂದು ಹೊರೆ ಭತ್ತ ಕೊಡುತ್ತಿದ್ದರು. ಅದರಲ್ಲೇ ಅವನ ಸಂಸಾರ ಸಾಗಬೇಕು.

ತೂಬಿನ ಕಲ್ಲುಕಂಬದ ಮೇಲೆ ಹಿಂದಿನವರು ಎರಡು ಗೆರೆ ಕೊರೆಸಿದ್ದರು. ಮಳೆಗಾಲದಲ್ಲಿ ನೀರು ಮೇಲಿನ ಗೆರೆ ಮುಟ್ಟಿದರೆ ಊರು ಒಂದು ಬೆಳೆ ಭತ್ತ ಹಾಕಬಹುದು. ಬಿಡುತ್ತ ಬಿಡುತ್ತ ನೀರು ಕೆಳಗಿನ ಗೆರೆಗೆ ಇಳಿಯಿತೋ, ತೂಬು ಮುಚ್ಚಬೇಕು. ಉಳಿದದ್ದು ಮುಂದಿನ ಮಳೆಯವರೆಗೆ ಜನ ದನ ಕುಡಿಯುವುದಕ್ಕೆ. ಆಮೇಲೆ ಯಾರು ಬಂದು ಕಾಲು ಹಿಡಿದರೂ ತೆರೆಯುವಂತಿಲ್ಲ.

ನೀರಗಂಟಿ ಖಡಕ್ ಮನುಷ್ಯ. ಬೆಳಗ್ಗೆ ಎದ್ದು ಕೆರೆಯ ಏರಿಯ ಮೇಲೆ ನಿಂತು ಗೆರೆ ನೋಡದೆ ಒಂದು ತುತ್ತು ಬಾಯಿಗಿಟ್ಟವನಲ್ಲ. ಜ್ವರ ಬಂದರೂ ಕಂಬಳಿ ಹೊದ್ದು ಹೋಗಿ ನೋಡುತ್ತಿದ್ದ.

ಒಂದು ವರ್ಷ ಮಳೆ ಅರ್ಧಂಬರ್ಧ ಬಂತು. ಆದರೂ ಹೇಗೋ ನೀರು ಮೇಲಿನ ಗೆರೆ ಮುಟ್ಟಿತು. ಭತ್ತ ಹಾಕುವುದೋ, ಬೇಡವೋ? ಊರೆಲ್ಲ ಅವನ ಮುಖ ನೋಡಿತು. ಅವನು ಏರಿಯ ಮೇಲೆ ನಿಂತು ಗೆರೆ ನೋಡಿ, ಭತ್ತವನ್ನೇ ಹಾಕಿ ಎಂದ. ಊರು ಹಾಕಿತು.

ಎರಡು ತಿಂಗಳಲ್ಲಿ ನೀರು ಯಾಕೋ ಬೇಗ ಬೇಗ ಇಳಿಯತೊಡಗಿತು. ಅವನಿಗೆ ಕಸಿವಿಸಿಯಾಯಿತು. ಯಾರೋ ಕದ್ದು ನೀರು ತಿರುಗಿಸಿಕೊಳ್ಳುತ್ತಿದ್ದಾರೆ ಎಂದುಕೊಂಡ. ಕಾಲುವೆಯ ಉದ್ದಕ್ಕೂ ಕಾವಲು ತಿರುಗಿದ, ಸಿಕ್ಕಸಿಕ್ಕವರ ಮೇಲೆಲ್ಲ ಹರಿಹಾಯ್ದ. ಪಾಪ, ಒಬ್ಬ ಕಳ್ಳನೂ ಸಿಗಲಿಲ್ಲ. ಭತ್ತ ಹೊಡೆ ಒಡೆದು ತೆನೆ ಹೊರಡುವ ಹೊತ್ತಿಗೆ ನೀರು ಕೆಳಗಿನ ಗೆರೆಗೆ ಬಂತು. ಅವನು ತೂಬು ಮುಚ್ಚಿದ.

ಕಾಲುವೆಯ ಕಟ್ಟಕಡೆಯ ಗದ್ದೆ ಒಬ್ಬ ರೈತ ಹೆಂಗಸಿನದು. ಅವಳು ಏರಿಗೆ ಓಡಿಬಂದಳು.

“ಮಾವ, ತೆನೆ ಹೊರಡುತ್ತಿದೆ. ಒಂದೇ ಒಂದು ನೀರು ಬಿಡಿ, ಕಾಳು ಕಟ್ಟುತ್ತದೆ.”

“ಗೆರೆ ಮುಟ್ಟಿದೆ, ತಾಯಿ. ಈಗ ಬಿಟ್ಟರೆ ಬೇಸಿಗೆಯಲ್ಲಿ ನಿನ್ನ ಮಕ್ಕಳು ಏನು ಕುಡಿಯಬೇಕು?”

ಅವಳು ಸೆರಗೊಡ್ಡಿ ಅತ್ತಳು. ಅವನು ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತವನು ಉಣ್ಣದೆ ಎದ್ದ.

ಊರಿನ ಭತ್ತವೆಲ್ಲ ಜೊಳ್ಳಾಯಿತು. ಕೊಯ್ದು ದನಕ್ಕೆ ಹಾಕಿದರು. ಹಲವರು ಅವನಿಗೆ ಹಿಡಿಶಾಪ ಹಾಕಿದರು. ಹಿರಿಯರು ಮಾತ್ರ, ಬೆಳೆ ಹೋದರೆ ಹೋಗಲಿ, ಕುಡಿಯುವ ನೀರು ಉಳಿಸಿದನಲ್ಲ ಎಂದು ಅವನನ್ನು ಕಟ್ಟೆಯ ಮೇಲೆ ಕೂರಿಸಿ ತಲೆಗೆ ರುಮಾಲು ಸುತ್ತಿದರು. ಅವನೂ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ಓಡಾಡಿದ. ಸುಳ್ಳೇಕೆ ಹೇಳಲಿ?

ರುಮಾಲು ಸುತ್ತಿ ತಿಂಗಳಾಗಿರಲಿಲ್ಲ. ನೀರು ಗೆರೆಯಿಂದ ಒಂದು ಗೇಣು ಇಳಿದಿತ್ತು, ಅಷ್ಟೇ. ಒಂದು ಬೆಳಗ್ಗೆ ನೋಡುತ್ತಾನೆ, ಕೆರೆಯ ಉದ್ದಗಲಕ್ಕೂ ಕೆಸರು ಮೇಲೆದ್ದಿದೆ! ತೂಬಿನ ಕಂಬದ ಸುತ್ತ ನಾಲ್ಕು ಮಾರು ಗುಂಡಿಯಲ್ಲಿ ಮಾತ್ರ ನೀರು ತಿಳಿಯಾಗಿ, ಆಳವಾಗಿ ನಿಂತಿತ್ತು. ತೂಬಿನ ಸೆಳೆತಕ್ಕೆ ಅಲ್ಲಿ ಹೂಳು ನಿಂತಿರಲಿಲ್ಲ. ಅವನು ದಿನವೂ ನೋಡಿದ್ದು ಅಷ್ಟನ್ನೇ. ಓಡಿಹೋಗಿ ಕೆಸರಿಗೆ ಕಾಲಿಟ್ಟ. ಮೊಣಕಾಲು ಹೂತಿತು. ಇನ್ನೊಂದು ಹೆಜ್ಜೆ ಇಟ್ಟ, ಸೊಂಟದವರೆಗೂ ಹೂತ. ಊರವರು ಹಗ್ಗ ಎಸೆದು ಎಳೆದುಕೊಳ್ಳಬೇಕಾಯಿತು.

ಅವನ ಅಜ್ಜನ ಕಾಲದಲ್ಲಿ ಬೇಸಿಗೆಗೊಮ್ಮೆ ಊರೆಲ್ಲ ಗಾಡಿ ಕಟ್ಟಿ, ಬತ್ತಿದ ಕೆರೆಯ ಹೂಳು ತೆಗೆದು ಗದ್ದೆಗೆ ಹಾಕುತ್ತಿತ್ತು. ಆಮೇಲೆ ಇಪ್ಪತ್ತು ವರ್ಷ ಒಳ್ಳೆಯ ಮಳೆ. ಕೆರೆ ಬತ್ತಲಿಲ್ಲ, ಹೂಳಿನ ನೆನಪೂ ಯಾರಿಗೂ ಆಗಲಿಲ್ಲ. ವರ್ಷವರ್ಷವೂ ಹೂಳು ಬಂದು ಕೂತು ಕೆಳಗಿನ ಗೆರೆಯ ಹತ್ತಿರಕ್ಕೆ, ಅಂಚಿನಲ್ಲಿ ಅದಕ್ಕೂ ಮೇಲಕ್ಕೆ ಏರಿತ್ತು. ನೀರು ಬೇಗ ಬೇಗ ಇಳಿದದ್ದೂ ಅದಕ್ಕೇ. ನೀರು ಮೇಲಿನ ಗೆರೆ ಮುಟ್ಟಿದ ದಿನವೂ ಕೆರೆಯಲ್ಲಿ ಇದ್ದದ್ದು ಊರು ಕುಡಿಯುವಷ್ಟೇ ನೀರು. ಅಯ್ಯೋ, ಅದನ್ನೇ ಅವನು ತನ್ನ ಕೈಯಾರೆ ಗದ್ದೆಗೆ ಹರಿಸಿಬಿಟ್ಟಿದ್ದ.

ಗುಂಡಿಯ ನೀರು ಎಂಟು ದಿನ ಬಂತು. ಒಂಬತ್ತನೆಯ ದಿನ ಊರು ಪಾತ್ರೆ ಪಗಡಿ ಗಾಡಿಗೆ ಹೇರಿ, ದನ ಹೊಡೆದುಕೊಂಡು, ಮೂರು ದಿನದ ಹಾದಿಯ ಹೊಳೆಯ ಕಡೆಗೆ ಹೊರಟಿತು. ಕಟ್ಟಕಡೆಯ ಗದ್ದೆಯ ಹೆಂಗಸು ಏರಿಯ ಬಳಿ ಗಾಡಿ ನಿಲ್ಲಿಸಿ ಇಳಿದಳು. ಈ ಸಲ ಅಳಲಿಲ್ಲ.

“ನೀರು ಬಿಡಲಿಲ್ಲ ಎಂದು ನನಗೆ ಸಿಟ್ಟಿಲ್ಲ, ಮಾವ. ಭತ್ತ ಹಾಕಿ ಎಂದಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ಬೇಡ ಎಂದಿದ್ದರೆ ಜೋಳ ಬಿತ್ತುತ್ತಿದ್ದೆ. ಕುಡಿಯುವುದಕ್ಕೂ ಇರುತ್ತಿತ್ತು.”

ಅವನು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅವಳು ಗಾಡಿ ಹತ್ತಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಇದೆಂಥ ಅನ್ಯಾಯ, ಗುರುಗಳೇ! ಅವನು ದಿನವೂ ಹೋಗಿ ನೋಡಿದ. ಒಂದು ದಿನವೂ ತಪ್ಪಿಸಲಿಲ್ಲ.”

“ಏರಿಯ ಮೇಲೆ ನಿಂತು ಗೆರೆ ನೋಡಿದ, ಕೆರೆಗೆ ಇಳಿದು ಹೂಳು ನೋಡಲಿಲ್ಲ. ನೀನೂ ಹನ್ನೆರಡು ವರ್ಷ ಪೂಜೆ ತಪ್ಪಿಸಿಲ್ಲ, ಎಂದಾದರೂ ನಿನ್ನೊಳಗೆ ಇಳಿದು ನೋಡಿದ್ದೀಯಾ?” ಎಂದರು ಗುರುಗಳು.

ಅಂದು ಸಂಜೆ ಪೂಜೆಯ ಗಂಟೆ ಹಿಡಿಯುವ ಮೊದಲು ಶಿಷ್ಯ ಕಣ್ಣು ಮುಚ್ಚಿ ಕೂತ.