ಸಣ್ಣಿದಿಬ್ಬ

ಮೂಡಲಕೊಪ್ಪಲಿನ ಶಾಲೆ ನಿಂತಿರುವ ದಿಬ್ಬಕ್ಕೆ ಸಣ್ಣಿದಿಬ್ಬ ಎಂದು ಹೆಸರು. ಹೊಸಬರು ಅದನ್ನು ‘ಸಣ್ಣ ದಿಬ್ಬ’ ಎಂದು ಕೇಳಿಸಿಕೊಂಡು, ಏದುಸಿರು ಬಿಡುತ್ತ ಹತ್ತಿ, ಇದೇನು ಸಣ್ಣದು ಎಂದು ನಗುತ್ತಾರೆ. ಹೆಂಚಿನ ಮಾಡು, ಸುಣ್ಣದ ಗೋಡೆ, ಅಂಗಳದಲ್ಲಿ ಹೊಂಗೆಮರ. ಕೆಳಗೆ ಒಂದು ಕಡೆ ಮೇಲಿನ ಕೇರಿ, ಇನ್ನೊಂದು ಕಡೆ ಹೊರಗೇರಿ. ದಿಬ್ಬದ ಹೆಸರಿನಲ್ಲಿರುವ ಸಣ್ಣಿ ಈ ಹೊರಗೇರಿಯ ಹುಡುಗಿ.

ಹಿಂದೆ ಒಮ್ಮೆ, ಮಹಾರಾಜರ ಕಾಲದಲ್ಲಿ, ಎಲ್ಲ ಜಾತಿಯ ಮಕ್ಕಳನ್ನೂ ಶಾಲೆಯ ಒಳಗೇ ಕೂರಿಸಬೇಕೆಂದು ಸರ್ಕಾರದ ಆದೇಶ ಬಂತಂತೆ. ಊರಿನ ತೋಟಿ ಕುಳ್ಳಯ್ಯ ಅದನ್ನು ತಮಟೆ ಬಡಿದು ಸಾರಿದ. ಮನೆಗೆ ಬಂದಾಗ ಮಗಳು ಸಣ್ಣಿ ಕೇಳಿದಳು: “ಅಪ್ಪ, ಎಲ್ಲಾ ಮಕ್ಳು ಅಂದ್ಯಲ್ಲ, ಅದ್ರಲ್ಲಿ ನಾನೂ ಇದೀನಾ?” ಮರುದಿನವೇ ಅವನು ಅವಳನ್ನು ದಿಬ್ಬದ ಶಾಲೆಗೆ ಕರೆದುಕೊಂಡು ಹೋದ.

ಸಣ್ಣಿ ಚಾಪೆಯ ಮೇಲೆ ಕೂತದ್ದೇ ತಡ, ಮೇಲಿನ ಕೇರಿಯವರು ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ಕುಳ್ಳಯ್ಯನನ್ನು ಕಣದ ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. “ಅತ್ತ ಹೋಗ್ಬೇಡಿ, ಅದೀಗ ಸಣ್ಣಿ ದಿಬ್ಬ” ಎಂದು ಮಕ್ಕಳನ್ನು ಗದರಿದರು. ಹೆಸರು ಹುಟ್ಟಿದ್ದು ಹೀಗೆ, ಹೀಯಾಳಿಕೆಯಲ್ಲಿ. ದಾರಿಯಲ್ಲಿ ಕಲ್ಲು ಬೀಳುತ್ತಿತ್ತು. ಸಣ್ಣಿ ಸ್ಲೇಟನ್ನು ತಲೆಗೆ ಅಡ್ಡ ಹಿಡಿದು ಓಡುತ್ತಿದ್ದಳು. ವೀರಭದ್ರಯ್ಯ ಮೇಷ್ಟ್ರು ಆ ಒಬ್ಬ ಶಿಷ್ಯೆಗಾಗಿಯೇ ಗಂಟೆ ಬಾರಿಸಿ, ಹಾಜರಿ ಕೂಗಿ, ಪಾಠ ಹೇಳುತ್ತಿದ್ದರು. ಬರಿದಾದ ಚಾಪೆ ಕಂಡಾಗಲೆಲ್ಲ ತಾನೇ ಏನೋ ತಪ್ಪು ಮಾಡಿದಂತೆ ಅವಳಿಗೆ ಅನಿಸುತ್ತಿತ್ತು.

ಸುಗ್ಗಿಯ ಹೊತ್ತಿಗೆ ಇನ್‌ಸ್ಪೆಕ್ಟರು ಬಂದರು. ಒಂದು ಮಗುವಿಗೆ ಒಂದು ಶಾಲೆಯೇ, ಇದನ್ನು ಮುಚ್ಚಿಸುತ್ತೇನೆ ಎಂದರು. ಸಣ್ಣಿ ಎದ್ದು ನಿಂತಳು.

“ಮುಚ್ಬೇಡಿ ಬುದ್ಧಿ. ಅವ್ರೂ ಬತ್ತಾರೆ. ಬಂದಾಗ ಬಾಗ್ಲು ಹಾಕಿದ್ರೆ, ಪಾಪ, ಎಲ್ಲಿಗೆ ಹೋಯ್ತಾರೆ?”

“ನಿನಗೆ ಕಲ್ಲು ಹೊಡೆಯೋರಿಗಾಗಿ ಕೇಳ್ತಿದ್ದೀಯಾ ಮಗು?” ಎಂದರು ಮೇಷ್ಟ್ರು.

“ಅವ್ರ್ಗೂ ಅಕ್ಷರ ಬೇಕಲ್ವಾ, ಸಾ?”

ಇನ್‌ಸ್ಪೆಕ್ಟರು ಹಾಜರಿ ಪುಸ್ತಕಕ್ಕೆ ರುಜು ಹಾಕಿ ಹೊರಟರು. ಶಾಲೆಯನ್ನು ಮುಚ್ಚಿಸಲಿಲ್ಲ. ಅಂಗಳದಲ್ಲಿ ಹೊಂಗೆಸೊಪ್ಪು ಕೊಯ್ಯುತ್ತಿದ್ದ ಮೇಲಿನ ಕೇರಿಯ ನಿಂಗಾಜಮ್ಮ ಈ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಇಬ್ಬರು ಮಕ್ಕಳೂ ಶಾಲೆ ಬಿಟ್ಟು ಮನೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಅವರನ್ನು ಕೈಹಿಡಿದು ತಂದು ಚಾಪೆಯ ಮುಂದೆ ನಿಂತಳು. “ಒಸಿ ಜರುಗವ್ವ, ಇವ್ರಿಗೂ ಜಾಗ ಕೊಡು” ಎಂದಳು. ಸಣ್ಣಿ ಜರುಗಿದಳು. ಅಳು ಬಂತು, ನಗುವೂ ಬಂತು. ಕೇರಿಯವರು ನಿಂಗಾಜಮ್ಮನ ಮನೆಗೆ ಬೆಂಕಿ, ನೀರು ಕೊಡುವುದನ್ನು ನಿಲ್ಲಿಸಿದರು. ಅವಳು ಜಗ್ಗಲಿಲ್ಲ. ಒಬ್ಬೊಬ್ಬರಾಗಿ ಉಳಿದ ತಾಯಂದಿರೂ ಬಂದರು. ಮುಂಗಾರು ಕಳೆಯುವಷ್ಟರಲ್ಲಿ ಚಾಪೆ ಸಾಲದಾಯಿತು ಎನ್ನುತ್ತಾರೆ.

ಇಂದಿಗೂ ಜೂನ್ ತಿಂಗಳಲ್ಲಿ ದಿಬ್ಬ ಹತ್ತಿದವರು ಇದನ್ನು ಕಾಣಬಹುದು: ಮೇಲಿನ ಕೇರಿಯ ಅಜ್ಜಂದಿರು ಮೊಮ್ಮಕ್ಕಳನ್ನು ಒಳಗೆ ಬಿಡುವ ಮುನ್ನ ಶಾಲೆಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇಲ್ಲಿ ಯಾವ ದೇವರು ಎಂದು ಕೇಳಿದರೆ, “ದೇವ್ರಲ್ಲ ಸ್ವಾಮಿ, ನಮ್ಮ ಸಣ್ಣವ್ವ. ಅವ್ಳು ದಿನಾ ಬರ್ದೆ ಇದ್ದಿದ್ರೆ ನಮ್ಗೆ ಶಾಲೆನೇ ಇರ್ತಿರ್ಲಿಲ್ಲ” ಎನ್ನುತ್ತಾರೆ.