ಮುತ್ತುಗದ ಎಲೆಸರ

ಬಿದಿರುಹಳ್ಳದ ಕಾಡಿನಲ್ಲಿ ಒಂದು ಕೊಳ, ಕೊಳದ ದಂಡೆಯಲ್ಲಿ ಒಂದು ನೇರಳೆ ಮರ. ಅಲ್ಲಿ ನೀರು ಕುಡಿಯುವ ನಲವತ್ತು ಮನೆಗಳ ಪ್ರಾಣಿಗಳು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದವು. ಕೊಳದ ಕೆಲಸ ಯಾರು ಮಾಡಬೇಕು, ಮಾಡಿದವರಿಗೆ ಏನು ಸಿಗಬೇಕು ಎಂಬುದೆಲ್ಲ ಸಂಘದಲ್ಲೇ ತೀರ್ಮಾನವಾಗುತ್ತಿತ್ತು.

ಬರೆದಿಡುವ ಕೆಲಸ ಮಾತ್ರ ಉದ್ದಬಾಲಯ್ಯ ಎಂಬ ಕರಿಮೂತಿಯ ಕೋತಿ, ಮುಸುವನದು. ಅವನೇ ಅಧ್ಯಕ್ಷ, ಅವನೇ ಶಾನುಭೋಗ. ಮರದ ತೊಗಟೆಯ ಮೇಲೆ ಉಗುರಿನಿಂದ ಗೀಚಿ ತನ್ನ ಪೊಟರೆಯಲ್ಲಿಟ್ಟುಕೊಳ್ಳುತ್ತಿದ್ದ. ಅದನ್ನು ಇನ್ನೊಬ್ಬರು ಕಂಡಿದ್ದೇ ಇಲ್ಲ.

ಒಂದು ವರ್ಷ ಕೊಳದಲ್ಲಿ ಹೂಳು ತುಂಬಿತು. ಕಾಡುಹಂದಿಗಳ ಹಿರಿಯಳು ಗೊರಸವ್ವ ಮುಂದೆ ಬಂದಳು.

"ಹೂಳು ನಾವು ತೆಗೆಯುತ್ತೇವೆ. ಅದಕ್ಕೆ ಪ್ರತಿಯಾಗಿ ಬೇಸಿಗೆಯಲ್ಲಿ ನೇರಳೆ ಮರದಡಿಯ ಕೆಸರು ನಮಗಿರಲಿ. ನಮ್ಮ ಮರಿಗಳು ಬಿಸಿಲು ತಾಳುವುದಿಲ್ಲ."

"ಆಗಲಿ," ಎಂದರು ಎಲ್ಲರೂ. ಉದ್ದಬಾಲಯ್ಯ ಗೀಚಿಕೊಂಡ.

ಹಂದಿಗಳು ಚಳಿಗಾಲವಿಡೀ ಅಗೆದವು. ಮೂತಿಗಳು ಸುಲಿದುಹೋದವು. ಕೊಳ ಆಳವಾಯಿತು.

ಬೇಸಿಗೆ ಬಂತು. ಗೊರಸವ್ವ ಮರಿಗಳನ್ನು ಕರೆದುಕೊಂಡು ನೇರಳೆ ಮರದಡಿಗೆ ಬಂದಳು. ಮೇಲೆ ಮುಸುವನ ಬಳಗ ಕೂತಿತ್ತು. ಹಣ್ಣು ಮಾಗುತ್ತಿದ್ದ ಕಾಲ ಅದು. ಕೆಳಗೆ ಉದುರಿದ ಹಣ್ಣನ್ನೂ ಹಂದಿಗಳಿಗೆ ಬಿಡಲು ಉದ್ದಬಾಲಯ್ಯನಿಗೆ ಮನಸ್ಸಿರಲಿಲ್ಲ. ಆದ್ದರಿಂದ ತೊಗಟೆಯಲ್ಲಿ 'ಬೇಸಿಗೆ' ಎಂಬುದನ್ನು ಕೆರೆದು 'ಮಳೆಗಾಲ' ಎಂದು ಗೀಚಿಟ್ಟಿದ್ದ.

"ಈಗ್ಯಾಕೆ ಬಂದೆ ಗೊರಸವ್ವ? ಒಪ್ಪಂದ ಮಳೆಗಾಲಕ್ಕೆ. ನೋಡು ಇಲ್ಲಿ," ಎಂದ.

"ಮಳೆಗಾಲದಲ್ಲಿ ಕಾಡೆಲ್ಲ ಕೆಸರೇ! ಅದಕ್ಕಾಗಿ ನಾವು ಮೂತಿ ಸುಲಿಸಿಕೊಂಡೆವಾ?"

"ನನ್ನನ್ನೇನು ಕೇಳುತ್ತೀ? ಬರೆದದ್ದು ಬರೆದದ್ದೇ."

ಜಿಂಕೆ, ನವಿಲು, ಆಮೆ ಮುಖ ಮುಖ ನೋಡಿಕೊಂಡವು. "ಬೇಸಿಗೆ ಅಂದ ಹಾಗಿತ್ತು..." ಎಂದು ಗೊಣಗಿದವು. ಆದರೆ ಬರಹದ ಮುಂದೆ ನೆನಪಿಗೆ ಬೆಲೆಯೆಲ್ಲಿ?

ಆ ಬೇಸಿಗೆಯಲ್ಲಿ ಗೊರಸವ್ವನ ಕಿರಿಯ ಮರಿ ಬಿಸಿಲು ತಾಳದೆ ಸತ್ತಿತು.

ಗೊರಸವ್ವ ತನ್ನ ಹಿಂಡಿನೊಂದಿಗೆ ಕಾಡು ಬಿಟ್ಟು ಹೊರಟಳು. ದಾರಿಯಲ್ಲಿ ಮುಳ್ಳುಹಂದಿ ಮುಳ್ಳಕ್ಕ ಅಡ್ಡ ನಿಂತಳು.

"ನಿಲ್ಲವ್ವ. ನೀನು ಹೋದರೆ ನಾಳೆ ಇನ್ನೊಬ್ಬರ ಮರಿಗೆ ಇದೇ ಗತಿ. ಒಪ್ಪಂದ ನಲವತ್ತು ಮನೆಗಳದು. ಬರಹ ಮಾತ್ರ ಒಂದೇ ಪೊಟರೆಯಲ್ಲಿ ಯಾಕಿರಬೇಕು?"

ಮುಳ್ಳಕ್ಕ ಗೊರಸವ್ವನನ್ನು ಮರಳಿ ಕರೆತಂದು, ಅಂದೇ ಸಂಘದವರನ್ನು ಕೂಡಿಸಿ, ಹಂದಿಗಳ ಕೆಸರು ಬೇಸಿಗೆಗೇ ಎಂದು ಎಲ್ಲರನ್ನೂ ಒಪ್ಪಿಸಿದಳು. ನಲವತ್ತು ಮುತ್ತುಗದ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಉದುರಿದ ತನ್ನದೇ ಮುಳ್ಳೊಂದನ್ನು ಪಂಜದಲ್ಲಿ ಹಿಡಿದು, "ಬೇಸಿಗೆಗೆ ಮೂರು ತೂತು," ಎಂದು ಗಟ್ಟಿಯಾಗಿ ಹೇಳಿ ಚುಚ್ಚಿದಳು. ಒಂದೊಂದು ಚುಚ್ಚಿಗೂ ನಲವತ್ತು ಎಲೆಗಳಲ್ಲೂ ಒಂದೇ ಗುರುತು! ಮನೆಗೊಂದು ಎಲೆ ಹಂಚಿದಳು.

"ಮುಂದಿನ ಒಪ್ಪಂದಕ್ಕೆ ಹೊಸ ಎಲೆ. ಅದರ ತಲೆಯಲ್ಲಿ ಹಿಂದಿನ ಎಲೆಯ ಎಲ್ಲ ತೂತುಗಳನ್ನೂ ಮತ್ತೆ ಚುಚ್ಚಬೇಕು. ಆಮೇಲೆ ಎರಡನ್ನೂ ಬಳ್ಳಿಯಲ್ಲಿ ಪೋಣಿಸಿಕೊಳ್ಳಿ. ಒಂದು ಎಲೆ ತಿದ್ದಿದರೆ ಅದರ ಮುಂದಿನ ಎಲೆಯೇ ಚಾಡಿ ಹೇಳುತ್ತದೆ."

"ನಾವೇ ತಪ್ಪು ಚುಚ್ಚಿದರೆ?" ಎಂದಿತು ಆಮೆ.

"ಚುಚ್ಚಿದ್ದು ಹೋಗುವುದಿಲ್ಲ ಅಣ್ಣ. ಅದಕ್ಕೇ ಮೊದಲು ಮೂರು ಸಲ ಯೋಚಿಸಬೇಕು. ತಪ್ಪಾದರೆ ಎಲ್ಲರೂ ಒಪ್ಪಿ ಹೊಸ ಎಲೆ ಸೇರಿಸೋಣ. ಹಳೆಯದನ್ನು ಮುಟ್ಟುವಂತಿಲ್ಲ."

ಎರಡನೆಯ ಎಲೆಯಲ್ಲಿ ಅಧ್ಯಕ್ಷಗಿರಿಯ ಮಾತು ಬಂತು. ವರ್ಷಕ್ಕೆ ಒಂದು ತೂತು. ಒಬ್ಬರಿಗೆ ಒಂದೇ ವರ್ಷ, ಮೊದಲ ವರ್ಷ ಉದ್ದಬಾಲಯ್ಯನದೇ. ಉದ್ದಬಾಲಯ್ಯ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದ. ಎದುರಾಡಿದರೆ ತೊಗಟೆಯ ಗುಟ್ಟು ಹೊರಬಿದ್ದೀತಲ್ಲ!

ಮಕ್ಕಳೇ, ಈಗ ಪಟ್ಟಣದ ಕೆಲವು ಕಂಪನಿಗಳೂ ಒಪ್ಪಂದಗಳನ್ನು ಕಂಪ್ಯೂಟರುಗಳಲ್ಲಿ ಹೀಗೆಯೇ ಕೊಂಡಿ ಹಾಕಿ, ಎಲ್ಲರ ಬಳಿಯೂ ಇಡುತ್ತವೆ. ಅದಕ್ಕೆ ಬ್ಲಾಕ್‌ಚೈನ್ ಎನ್ನುತ್ತಾರೆ. ಬಿದಿರುಹಳ್ಳದವರು ಎಲೆಸರ ಅಂದರು, ಅಷ್ಟೆ.

ಮರುವರ್ಷ ಬೇಸಿಗೆ ಬಂದಾಗ ಗೊರಸವ್ವ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸರಸರನೆ ಮರಿಗಳೊಂದಿಗೆ ಕೆಸರಿಗಿಳಿದಳು. ಮೇಲಿನಿಂದ ಮುಸುವ ನೋಡುತ್ತಲೇ ಉಳಿದ.

ಹೊಸ ಹೊಸ ಒಪ್ಪಂದಗಳಿಂದ ಸರ ಉದ್ದವಾಗಿತ್ತು, ಅವನ ಅಧ್ಯಕ್ಷಗಿರಿಯ ವರ್ಷವೂ ಮುಗಿಯುತ್ತ ಬಂತು. ಕುರ್ಚಿ ಬಿಡುವ ಯೋಚನೆಯೇ ಅವನಿಗೆ ಕಹಿ. ತನ್ನ ಸರದ ಎರಡನೆಯ ಎಲೆಗೆ ಇನ್ನೂ ಒಂಬತ್ತು ತೂತು ಚುಚ್ಚಿದ. ಹತ್ತು ವರ್ಷವಾಯಿತು! ಆದರೆ ಮೂರನೆಯ ಎಲೆಯ ತಲೆಯಲ್ಲಿ ವರ್ಷದ ತೂತು ಒಂದೇ. ಅಲ್ಲೂ ಒಂಬತ್ತು ಚುಚ್ಚಿದ. ಆಗ ನಾಲ್ಕನೆಯದು ತಾಳೆಯಾಗಲಿಲ್ಲ. ಚುಚ್ಚಿ ಚುಚ್ಚಿ ಸಂಜೆಯ ಹೊತ್ತಿಗೆ ಸರವೆಲ್ಲ ಜರಡಿಯಾಗಿತ್ತು, ಬೆರಳೆಲ್ಲ ಬಾತಿತ್ತು. ಆದರೂ ಎಲೆಗೆ ಎಲೆ ತಾಳೆಯಾಗಿತ್ತು!

ಮರುದಿನ ಸಭೆಯಲ್ಲಿ ಎದೆಯುಬ್ಬಿಸಿ, "ನನಗೆ ಇನ್ನೂ ಒಂಬತ್ತು ವರ್ಷ ಉಳಿದಿದೆ," ಎಂದ.

"ಹೌದಾ? ಎಲ್ಲರೂ ನಿಮ್ಮ ಎರಡನೆಯ ಎಲೆಯನ್ನು ತಲೆಭಾಗ ಮಡಚಿ ಬಿಸಿಲಿಗೆ ಹಿಡಿಯಿರಿ," ಎಂದಳು ಮುಳ್ಳಕ್ಕ.

ಮೊಲ ಕಿವಿ ಜೋಲಿಸಿತು. "ಅಕ್ಕಾ, ಹಸಿವಾಗಿ ನನ್ನ ಸರವನ್ನು ತಿಂದುಬಿಟ್ಟೆ."

"ಹೋಗಲಿ ಬಿಡು. ಉಳಿದವರ ಬಳಿ ಇದೆಯಲ್ಲ."

ಮೂವತ್ತೆಂಟು ಎಲೆಗಳಿಂದ ಒಂದೊಂದೇ ಬೆಳಕಿನ ಚುಕ್ಕಿ ನೆಲಕ್ಕೆ ಬಿತ್ತು. ಮುಸುವನ ಎಲೆಯಿಂದ ಹತ್ತು.

"ನಿಮ್ಮೆಲ್ಲರದೂ ತಪ್ಪು! ನನ್ನದೊಂದೇ ಸರಿ!" ಎಂದು ಅವನು ಕಿರುಚಿದ.

ಯಾರೂ ಜಗಳವಾಡಲಿಲ್ಲ. ಕೊಳದ ದಂಡೆಯೆಲ್ಲ ಗೊಳ್ಳೆಂದು ನಕ್ಕಿತು. ಗೊರಸವ್ವ ಮಾತ್ರ ನಗಲಿಲ್ಲ. ಅವನ ಎದುರು ಬಂದು ನಿಂತಳು.

"ಬೇಸಿಗೆಯನ್ನು ಮಳೆಗಾಲ ಮಾಡಿದ್ದೂ ಹೀಗೆಯೇ ತಾನೇ?"

ಮುಸುವ ತಲೆ ತಗ್ಗಿಸಿದ. "ಹೌದು ಗೊರಸವ್ವ. ತಪ್ಪಾಯಿತು."

ಸತ್ತ ಮರಿ ಆ ಮಾತಿನಿಂದ ಎದ್ದು ಬರಲಿಲ್ಲ. ಆದರೂ ಅವಳು, "ಇವನನ್ನು ಓಡಿಸುವುದು ಬೇಡ. ಇಲ್ಲೇ ಇರಲಿ, ಎಲ್ಲರಂತೆ ಇರಲಿ," ಎಂದಳು. ಅಂದೇ ಸಂಘ ಅವಳನ್ನು ಅಧ್ಯಕ್ಷೆಯನ್ನಾಗಿ ಆರಿಸಿತು.

"ಹಾಗಾದರೆ ನನಗೇನು ಕೆಲಸ?" ಎಂದ ಉದ್ದಬಾಲಯ್ಯ ಸಣ್ಣ ದನಿಯಲ್ಲಿ.

"ಮುತ್ತುಗದ ಮರ ಹತ್ತಿ ನಲವತ್ತು ಎಲೆ ಕಿತ್ತುಕೊಂಡು ಬಾ," ಎಂದಳು ಹೊಸ ಅಧ್ಯಕ್ಷೆ. "ಒಂದೂ ಕಡಿಮೆಯಾಗಬಾರದು."

ನೀತಿ: ಒಬ್ಬನ ಬಳಿ ಇರುವ ಬರಹವನ್ನು ಅವನೊಬ್ಬನೇ ತಿದ್ದಬಲ್ಲ, ಎಲ್ಲರ ಬಳಿ ಇರುವ ಬರಹವನ್ನು ಯಾವನೊಬ್ಬನೂ ತಿದ್ದಲಾರ.